ತನ್ನ ಲೇತಿಗೆ ತಾನೇ ಇಟ್ಟ ಕುಂಕುಮ

1990ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಪೀಣ್ಯದಲ್ಲಿ ಲೇತ್ ಕೆಲಸ ಕಲಿತು, ದುಡಿದು, ಸ್ವಂತ ಶೆಡ್ಡು ಹಾಕಿದೆ. ಕಳೆದ ಆಯುಧಪೂಜೆಯ ದಿನ ಅಲ್ಲಿ ಒಂದು ಮಾತು ಎದ್ದಿತು.

ನಮ್ಮಲ್ಲಿ ಯಾರ ಮಿಷಿನ್‌ಗೆ ಅವರೇ ಕುಂಕುಮ ಇಡುವುದು ರೂಢಿ. ನಮ್ಮಲ್ಲಿ ಲೇತ್ ನಡೆಸುವ ಸುಜಾತಾ ಗಂಡನನ್ನು ಕಳೆದುಕೊಂಡ ಮೇಲೆ ಬಂದ ಮೊದಲ ಹಬ್ಬ ಅದು. ಅವಳು ಕುಂಕುಮದ ಬಟ್ಟಲಿಗೆ ಕೈ ಹಾಕಿದಾಗ ಹಿರಿಯ ಕೆಲಸಗಾರ ಶಿವಣ್ಣ ತಡೆದರು.

“ನೀನ್ ಬೇಡ ಕಣಮ್ಮ. ಈ ಸಲ ನನ್ ಹೆಂಡ್ತಿ ಇಡ್ತಾಳೆ, ಮಿಷಿನ್‌ಗೆ ಒಳ್ಳೇದು.”

“ದಿನಾ ಎಣ್ಣೆ ಹಾಕಿ ಒರ್ಸೋಳು ನಾನು, ಶಿವಣ್ಣ. ಅದು ಕೆಟ್ಟು ನಿಂತಾಗ ಅಕ್ಕ ಬಂದು ರಿಪೇರಿ ಮಾಡ್ತಾರಾ?”

ಪೂಜೆಗೆ ಬಂದಿದ್ದ ಶಿವಣ್ಣನ ಹೆಂಡತಿಯೇ ಮೊದಲು ನಕ್ಕರು. ಆದರೂ ಎಲ್ಲರ ಕಣ್ಣು ಓನರ್ ಆದ ನನ್ನ ಮೇಲಿತ್ತು. ನನಗೆ ಅಮ್ಮ ನೆನಪಾದಳು. ಅಪ್ಪ ಹೋದ ಮೇಲೆ ಹೊಲಿಗೆ ಮಿಷಿನ್ ತುಳಿದೇ ನಮ್ಮನ್ನು ಸಾಕಿದವಳು. ಹಬ್ಬದ ದಿನ ಮಾತ್ರ ಅದಕ್ಕೆ ಕುಂಕುಮ ಇಡಲು ಪಕ್ಕದ ಮನೆಯ ಮುತ್ತೈದೆಯನ್ನು ಕರೆಯುತ್ತಿದ್ದಳು. ತಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಚಕ್ರಕ್ಕೂ ಒಂಚೂರು ಇಡಕ್ಕ” ಎನ್ನುತ್ತಿದ್ದಳು.

ಬಟ್ಟಲನ್ನು ನಾನೇ ಎತ್ತಿ ಸುಜಾತಾಳ ಕೈಗೆ ಕೊಟ್ಟು, “ಇಡಮ್ಮ, ನಿನ್ ಮಿಷಿನ್ನು” ಎಂದೆ. ಅವಳು ಲೇತಿಗೆ ಇಟ್ಟಳು. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೂ ಇಟ್ಟುಕೊಂಡಳು. ಶಿವಣ್ಣ ಗಂಟೆ ಬಾರಿಸಿದರು.

ಈಗ ನನ್ನ ಬಳಿ ನಾಲ್ಕು ಲೇತ್‌ಗಳಿವೆ, ಏಳು ಜನ ಕೆಲಸಗಾರರಿದ್ದಾರೆ, ಅಮ್ಮನ ಹೊಲಿಗೆ ಮಿಷಿನ್ ಇದೆ. ಅಮ್ಮ ಇಲ್ಲ.