ಧನುರ್ಮಾಸದಲ್ಲಿ ಟಿವಿ ನೋಡಲು ಬಂದವರು

ಅದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ನಾನು ಪಿಯುಸಿ ಮುಗಿಸಿ ಯಲಹಂಕದ ಕಾಲೇಜಿಗೆ ಬಿ.ಕಾಂ. ಸೇರಲು ಹೊರಟ ಬೆಳಿಗ್ಗೆ, ಚಿಕ್ಕಜಾಲದ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನನ್ನ ಕಡೆ ನೋಡದೆ, ಅಮ್ಮನಿಗೆ ಹೇಳಿದರು: “ಸೇರ್ಸಮ್ಮ, ಯಾರ್ ಬ್ಯಾಡ ಅಂದ್ರು. ಆದ್ರೆ ನಮ್ ಮನೇಲಿ ಒಂದ್ ಎಣ್ಮಗ ಡಿಗ್ರಿ ಮುಗ್ಸೋದು ಆಗೋ ಮಾತಲ್ಲ. ಅಷ್ಟ್ರೊಳ್ಗೆ ಯಾರಾನ ಬಂದ್ ಕೇಳ್ತಾರೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಂಜೆಗೆ ಕರೆಂಟು ಹೋಗಬಹುದು ಎಂದು ಹೇಳುವ ಹಾಗೆ ಹೇಳಿದ್ದರು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ.

ನಮ್ಮ ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅಲ್ಲಿಂದ ಮುಂದೆ ಮನೆಯಲ್ಲಿ ದೊಡ್ಡಪ್ಪನ ಮಾತೇ ನಡೆಯುತ್ತಿತ್ತು. ಏರ್‌ಪೋರ್ಟ್ ರೋಡಿನ ಪಕ್ಕದ ಹೊಲ ಲೇಔಟ್ ಆದ ಮೇಲೆ ಅವರು ಹಳೇ ಮನೆ ಕೆಡವಿ ಮಹಡಿ ಮನೆ ಕಟ್ಟಿಸಿದರು. ಮೇಲೆ ಅವರು, ಕೆಳಗೆ ಹಿಂದಿನ ಎರಡು ಕೋಣೆಯಲ್ಲಿ ನಾನು ಮತ್ತು ಅಮ್ಮ. ಅಜ್ಜಿ ಮೇಲೂ ಇರುತ್ತಿದ್ದಳು, ಕೆಳಗೂ ಇರುತ್ತಿದ್ದಳು. ದೊಡ್ಡಮ್ಮ ಹೋಗಿ ಬಹಳ ವರ್ಷವಾಗಿತ್ತು. ದೊಡ್ಡಪ್ಪನ ಒಬ್ಬನೇ ಮಗ ಹತ್ತನೇ ಕ್ಲಾಸು ದಾಟಿರಲಿಲ್ಲ, ಮದುವೆಯಾಗಿ ಆರ್.ಟಿ. ನಗರಕ್ಕೆ ಹೋಗಿದ್ದ. ನಮ್ಮ ವಂಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಡಿಗ್ರಿ ಎಂಬುದನ್ನು ಕೈಯಲ್ಲಿ ಹಿಡಿದವರೇ ಇರಲಿಲ್ಲ. ನಾನು ಹಿಡಿಯುತ್ತೇನೆ ಎಂದು ನನಗೆ ಹಟ. ಅದನ್ನು ಬಿಟ್ಟರೆ ಆಗ ನನ್ನದು ಎನ್ನುವಂಥದ್ದು ಬೇರೇನೂ ಇರಲಿಲ್ಲ.

ಕೊರೋನಾ ಬಂದು ಹೋದ ಮೇಲೆ ಪರೀಕ್ಷೆಗಳೆಲ್ಲ ಹಿಂದುಮುಂದಾಗಿದ್ದವು. ನನ್ನ ಕೊನೆಯ ಸೆಮಿಸ್ಟರ್ ಸಂಕ್ರಾಂತಿ ಕಳೆದ ಮೇಲೆ ಎಂದು ಗೊತ್ತಾಯಿತು. ಒಂದೇ ಒಂದು ಚಳಿಗಾಲ ದಾಟಬೇಕಿತ್ತು.

ಆ ಚಳಿಗಾಲದಲ್ಲೇ ದೊಡ್ಡಪ್ಪನಿಗೆ ಸೀರೀಸ್ ಹುಚ್ಚು ಹತ್ತಿದ್ದು. ಮಗ ತನ್ನ ಮನೆಗೆ ಹೊಸದು ತಗೊಂಡು, ಹಳೇ ದೊಡ್ಡ ಟಿವಿಯನ್ನು ಮಹಡಿಯ ಹಾಲಿನ ಗೋಡೆಗೆ ಹಾಕಿಸಿಕೊಟ್ಟು ಹೋಗಿದ್ದ. ದೊಡ್ಡಪ್ಪ ರಿಮೋಟ್ ಒತ್ತುತ್ತಾ ಒತ್ತುತ್ತಾ ಯಾವುದೋ ಹಿಮದ ದೇಶದ ಸೀರೀಸಿಗೆ ಹೋಗಿ ಬಿದ್ದರು. ಅದರಲ್ಲಿ ಮೊದಲ ನೋಟಕ್ಕೇ ಒಂದು ದನದ ಕೊಟ್ಟಿಗೆ ಇತ್ತು. ಅಜ್ಜಿ ಅಲ್ಲೇ ಕೂತುಬಿಟ್ಟಳು. ಆ ಜನ ಆಡುವ ಭಾಷೆ ನಮಗೆ ಗೊತ್ತಿಲ್ಲ, ಹಿಂದಿಯೂ ಇಲ್ಲ, ಕೆಳಗೆ ಇಂಗ್ಲಿಷ್ ಅಕ್ಷರ ಮಾತ್ರ ಓಡುತ್ತಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ದೊಡ್ಡಪ್ಪ ಮೆಟ್ಟಿಲ ಮೇಲಿಂದ ಕರೆದರು. ನಾನು ಹೋಗಿ ಟಿವಿಯ ಹತ್ತಿರ ನೆಲದ ಮೇಲೆ ಕೂತು, ಓಡುವ ಸಾಲುಗಳನ್ನು ನಮ್ಮ ಮಾತಿನಲ್ಲಿ ಹೇಳತೊಡಗಿದೆ. ಎಲ್ಲರೂ ನನ್ನ ಬೆನ್ನ ಹಿಂದೆ.

ಕತೆ ಹೀಗಿತ್ತು. ಒಂದು ದೊಡ್ಡ ಕೆರೆ, ಅದರ ದಡದಲ್ಲಿ ಒಂದು ಹಳ್ಳಿ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಊರಿನ ಒಬ್ಬರು ಅದರ ಮೇಲೆ ನಡೆದುಕೊಂಡು ಹೋಗಿ ವಾಪಸ್ಸು ಬರುವುದಿಲ್ಲ. ಪ್ರತಿ ವರ್ಷವೂ. ಜಾರಿ ಬಿದ್ದರು ಎಂದು ಊರವರು ಹೇಳುತ್ತಾರೆ. ಊರವರಿಗೆಲ್ಲ ಏನೋ ಗೊತ್ತಿದೆ ಎಂದು ನೋಡುವವರಿಗೆ ಬೇಗ ತಿಳಿಯುತ್ತದೆ. ಏನು ಎಂಬುದು ತಿಳಿಯುವುದಿಲ್ಲ.

ಈಗ ಹೆಬ್ಬಾಳದಲ್ಲಿ ನಾನು ಕೆಲಸ ಮಾಡುವ ಆಫೀಸಿನಲ್ಲಿ ಡಿಸೆಂಬರ್ ಬಂತೆಂದರೆ ಹುಡುಗಿಯರು ಮನೆಯಲ್ಲಿ ಕೂತು ಒಂದೇ ಉಸಿರಿಗೆ ನೋಡುವಂಥ ಸೀರೀಸ್ ಯಾವುದಿದೆ ಎಂದು ಕೇಳಿಕೊಳ್ಳುತ್ತಾರೆ. ನಾನು ಹೇಳುವುದು ಒಂದೇ. ಹಿಮದ ದೇಶದ್ದನ್ನು ನೋಡಿ, ಜನ ಕಡಿಮೆ ಮಾತಾಡುವಂಥದ್ದನ್ನು ನೋಡಿ, ಕೊಲೆಗಾರ ಯಾರು ಎನ್ನುವುದಕ್ಕಿಂತ ಯಾರು ಯಾರು ಸುಮ್ಮನಿದ್ದರು ಎಂದು ಕೇಳುವಂಥದ್ದನ್ನು ನೋಡಿ. ನಮ್ಮ ಚಳಿ ದೊಡ್ಡ ಚಳಿಯೇನಲ್ಲ, ಒಂದು ಸ್ವೆಟರಿಗೆ ಹೋಗುತ್ತದೆ. ಪರದೆಯ ಮೇಲೆ ಹಿಮ ಸುರಿಯುತ್ತಿದ್ದರೆ ಮಾತ್ರ ಅದು ಮೂಳೆಗೆ ಇಳಿಯುತ್ತದೆ. ಮತ್ತೆ, ಒಬ್ಬರೇ ನೋಡಬೇಡಿ. ಆದರೆ ಯಾರ ಜೊತೆ ನೋಡುತ್ತಿದ್ದೀರಿ ಎಂದು ತಿಳಿದಿರಲಿ.

ಧನುರ್ಮಾಸ ಹಿಡಿಯಿತು. ಆ ತಿಂಗಳು ನಮ್ಮ ಕಡೆ ಮದುವೆ ಮಾತೆತ್ತುವಂತಿಲ್ಲ, ಹೆಣ್ಣು ನೋಡುವಂತಿಲ್ಲ, ಶುಭ ಎನ್ನುವುದನ್ನೇ ಮಾಡುವಂತಿಲ್ಲ. ನನಗೆ ಅದು ರಜೆ ಸಿಕ್ಕ ಹಾಗೆ. ಸಂಕ್ರಾಂತಿವರೆಗೆ ಯಾರೂ ಬಂದು ಕೇಳುವುದಿಲ್ಲ, ಸಂಕ್ರಾಂತಿ ಆದ ಕೂಡಲೇ ಪರೀಕ್ಷೆ. ಬೆಳಗಿನ ಜಾವ ಅಜ್ಜಿಯೂ ದೊಡ್ಡಪ್ಪನೂ ದೇವಸ್ಥಾನದ ಪೂಜೆಗೆ ಹೋಗುತ್ತಿದ್ದರು. ಅವರು ಹುಗ್ಗಿ ಪ್ರಸಾದ ಹಿಡಿದು ಬರುವಷ್ಟರಲ್ಲಿ ನಾನು ಓದಿ ಮುಗಿಸಬೇಕು. ಸಂಜೆ ನನ್ನದಾಗಿರಲಿಲ್ಲ. ದೀಪ ಹಚ್ಚಿದ ಮೇಲೆ ಊಟದವರೆಗೂ ಸೀರೀಸ್. ಒಂದು ಭಾಗ ಮುಗಿದರೆ ದೊಡ್ಡಪ್ಪ “ಇನ್ನೊಂದ್ ಆಗ್ಲಿ” ಅನ್ನುವರು. ಅಜ್ಜಿ, ಅಮ್ಮ ಇಬ್ಬರೂ ನೆನೆಸಿದ ಅವರೆಕಾಳನ್ನು ಮಡಿಲಲ್ಲಿಟ್ಟುಕೊಂಡು ಹಿತುಕುವರು. ಕಣ್ಣು ಟಿವಿಯ ಮೇಲೆ, ಬೆರಳು ತಮ್ಮಷ್ಟಕ್ಕೆ. ಸಿಪ್ಪೆಯಿಂದ ಕಾಳು ಪುಳಕ್ಕನೆ ಪಾತ್ರೆಗೆ ಬೀಳುವ ಸದ್ದು ನನ್ನ ಬೆನ್ನ ಹಿಂದೆ ನಿಲ್ಲದೆ ಕೇಳುತ್ತಿತ್ತು.

ಮನೆಯಲ್ಲಿ ಸಣ್ಣ ಸಣ್ಣದು ಬದಲಾಗತೊಡಗಿತು. ಹಾಲಿಗೆ ಹೊಸ ಬಲ್ಬು ಬಂತು. ಸೋಫಾಕ್ಕೆ ಹೊಸ ಬಟ್ಟೆ ಬಂತು. ದೊಡ್ಡಪ್ಪ ಒಂದು ಸಂಜೆ ಫೋನನ್ನು ಎತ್ತಿ ಹಿಡಿದಿದ್ದರು. ಯಾಕೆಂದು ಕೇಳಿದರೆ ಟಿವಿಯಲ್ಲಿ ಹಿಮ ಚೆನ್ನಾಗಿದೆ, ಮಗನಿಗೆ ಕಳಿಸುತ್ತೇನೆ ಎಂದರು. ಅಮ್ಮ ಮಾತು ಕಡಿಮೆ ಮಾಡಿದಳು. ಸೀರೀಸಿನಲ್ಲಾದರೆ ಇಂಥ ಕಡೆ ಒಂದು ಸಂಗೀತ ಬರುತ್ತದೆ, ನೋಡುವವರು ಹುಷಾರಾಗುತ್ತಾರೆ. ಮನೆಯಲ್ಲಿ ಅವರೆಕಾಳಿನ ಸದ್ದು ಬಿಟ್ಟು ಬೇರೆ ಇರಲಿಲ್ಲ. ನನ್ನ ಎದೆಯ ಅಳುಕನ್ನು ನಾನು ಆ ಕತೆಯ ಲೆಕ್ಕಕ್ಕೇ ಹಾಕಿದೆ.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಸಂಜೆ ಇಬ್ಬರು ನೆಂಟರು ಬಂದರು. ಹೆಸರಘಟ್ಟದ ಕಡೆಯವರು, ಗಂಡ ಹೆಂಡತಿ, ದೊಡ್ಡಪ್ಪನಿಗೆ ವ್ಯವಹಾರದಲ್ಲಿ ಬೇಕಾದವರಂತೆ. ಈ ಸೀರೀಸ್ ವಿಷಯ ಕೇಳಿ, ತಾವೂ ನೋಡೋಣವೆಂದು ಬಂದಿದ್ದಾರೆ ಎಂದು ದೊಡ್ಡಪ್ಪ ಪರಿಚಯ ಮಾಡಿಸಿದರು. ಆ ಹೆಂಗಸು ಮೊದಲು ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಅಮ್ಮನ ಹತ್ತಿರ ನಿಂತು ಏನೋ ಮಾತಾಡಿ ಬಂದಳು. ಆಮೇಲೆ ಸೋಫಾದ ಮೇಲೆ ಕೂತಳು. ಅಮ್ಮ ಅವಳ ಹಿಂದೆಯೇ ಬಂದು ಅಜ್ಜಿಯ ಪಕ್ಕ ಅವರೆಕಾಳು ಹಿಡಿದು ಕೂತಳು. ನಾನು ಯಾವತ್ತಿನ ಹಾಗೆ ಕೆಳಗೆ ಕೂತು ಓದಿದೆ.

ಆ ಭಾಗದಲ್ಲಿ ಹಳ್ಳಿಯವರೆಲ್ಲ ಒಂದು ಮನೆಯಲ್ಲಿ ಊಟಕ್ಕೆ ಸೇರಿದ್ದಾರೆ. ನಡುವೆ ಒಬ್ಬ ಹುಡುಗಿ. ಅವಳಿಗೆ ಎಲ್ಲರೂ ಒತ್ತಾಯ ಮಾಡಿ ಬಡಿಸುತ್ತಿದ್ದಾರೆ. ಒಬ್ಬ ಮುದುಕ ಹೇಳಿದ ಸಾಲನ್ನು ನಾನು ಹೇಳಿದೆ: “ಇನ್ನೊಂದ್ ತುತ್ತು ಉಣ್ಣು ಮಗಾ, ನಾಳೆ ದೂರ ನಡೀಬೇಕು.” ಅಷ್ಟರಲ್ಲಿ ಆ ಕತೆಯ ಮನೆಯೊಳಗಿನ ದೀಪ ಆರಿ ಪರದೆ ಪೂರ್ತಿ ಕಪ್ಪಾಯಿತು. ಕಪ್ಪಾದಾಗ ದೊಡ್ಡ ಟಿವಿ ಕನ್ನಡಿಯಂತೆ. ನಮ್ಮ ಹಾಲ್ ಅದರಲ್ಲಿ ಕಂಡಿತು. ಹೊಸ ಬಲ್ಬಿನ ಬೆಳಕು ನನ್ನ ತಲೆಯ ಮೇಲೆ. ದೊಡ್ಡಪ್ಪ ನೆಂಟರ ಮುಖ ನೋಡುತ್ತಿದ್ದರು. ಆ ಗಂಡಸು ನನ್ನನ್ನು ನೋಡುತ್ತಿದ್ದ. ಹೆಂಗಸು ನನ್ನ ಜಡೆಯನ್ನು, ಬೆನ್ನನ್ನು, ಮಡಚಿದ ಕಾಲನ್ನು ಒಂದೊಂದಾಗಿ ನೋಡುತ್ತಿದ್ದಳು. ಟಿವಿಯನ್ನು ನೋಡುತ್ತಿದ್ದವಳು ಅಜ್ಜಿ ಒಬ್ಬಳೇ.

ನನಗೆ ಆಗ ತಿಳಿಯಿತು. ಧನುರ್ಮಾಸದಲ್ಲಿ ಹೆಣ್ಣು ನೋಡಬಾರದು, ಆದರೆ ಟಿವಿ ನೋಡಬಾರದು ಎಂದು ಯಾರೂ ಹೇಳಿಲ್ಲ. ಸಂಕ್ರಾಂತಿಯ ಮಾರನೇ ದಿನ ನೇರ ಒಪ್ಪಿಗೆ ಶಾಸ್ತ್ರವನ್ನೇ ಇಟ್ಟುಕೊಳ್ಳಬಹುದು, ಪರೀಕ್ಷೆ ಬರುವ ಮೊದಲೇ. ಪರದೆಯ ಮೇಲೆ ಅಕ್ಷರ ಓಡುತ್ತಲೇ ಇತ್ತು. ನನ್ನ ಬಾಯಿ ಓದುತ್ತಲೇ ಇತ್ತು. ಆ ದನಿ ನನ್ನದೆಂದು ನನಗೆ ಅನಿಸಲಿಲ್ಲ.

ಭಾಗ ಮುಗಿಯಿತು. ನೆಂಟರು ಎದ್ದರು. ದೊಡ್ಡಪ್ಪ, ಅವರಿಗೆ ಅರಿಶಿನ ಕುಂಕುಮ ಕೊಡು ಎಂದು ನನಗೆ ಕಣ್ಣಲ್ಲೇ ಹೇಳಿದರು. ಅಮ್ಮನೂ ಅಜ್ಜಿಯೂ ಕೊಡುವಂತಿರಲಿಲ್ಲ, ನಾನೇ ತಟ್ಟೆ ತಂದು ಹಿಡಿದೆ. ಆ ಹೆಂಗಸು ಕುಂಕುಮಕ್ಕೆ ಬೆರಳು ಚಾಚಿದಳು.

ಆಗ ಅಮ್ಮ ಮಡಿಲ ಅವರೆಕಾಳನ್ನು ಪಕ್ಕಕ್ಕಿಟ್ಟು, ಎದ್ದೇಳದೆ, ಮೆಲ್ಲಗೆ ಅಜ್ಜಿಯನ್ನು ಕೇಳಿದಳು: “ಅತ್ತೆ, ಧನುರ್ಮಾಸದಲ್ಲಿ ಹೆಣ್ಣು ನೋಡಕ್ಕೆ ಬಂದೋರಿಗೆ ಕುಂಕುಮ ಕೊಡ್ಬೋದಾ? ನಂಗೆ ಶಾಸ್ತ್ರ ಗೊತ್ತಿಲ್ಲ, ಅದಕ್ಕೆ ಕೇಳ್ದೆ.”

ಹೆಂಗಸಿನ ಬೆರಳು ತಟ್ಟೆಯ ಮೇಲೆ ನಿಂತಿತು.

“ಎಣ್ ನೋಡಾದು ಅಂತ ಯಾರಂದ್ರು ನಿಂಗೆ,” ಎಂದರು ದೊಡ್ಡಪ್ಪ. “ಅವ್ರು ಟಿವಿ ನೋಡಾಕ್ ಬಂದವ್ರೆ.”

“ಟಿವಿ ನೋಡಕ್ಕೆ ಬಂದೋರು ಹುಡ್ಗಿ ಹುಟ್ಟಿದ ಗಳಿಗೆ ಯಾಕ್ ಕೇಳಿದ್ರು, ಭಾವ?”

ಅಡಿಗೆಮನೆಯಲ್ಲಿ ನಡೆದ ಮಾತು ಏನೆಂದು ನನಗೆ ಆಗ ಗೊತ್ತಾಯಿತು. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. ಅವಳಿಗೂ ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ತನ್ನ ಮಗನಿಗೆ ಹೇಳಿದಳು: “ಅದ್ಕೆ ಏನಂತಾರ ಎಸ್ರು ಇಟ್ಕೊ ಕಣಪ್ಪ. ನೋಡಿದ್ದು ನೋಡಿದ್ದೇಯ.”

ಹೆಂಗಸು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕುಂಕುಮ ಇಟ್ಟುಕೊಳ್ಳದೆ ಮೆಟ್ಟಿಲಿಳಿದಳು. ಗಂಡ ಅವಳ ಹಿಂದೆ ಹೋದ. ಕಾರು ಹೊರಟ ಮೇಲೂ ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.

ಸಂಕ್ರಾಂತಿಯ ಮಾರನೇ ದಿನ ಯಾರೂ ಬರಲಿಲ್ಲ. ಈ ವರ್ಷ ಬೇಡ ಎಂದು ಆ ಕಡೆಯಿಂದ ಹೇಳಿಕಳಿಸಿದರಂತೆ. ಹೊತ್ತಲ್ಲದ ಹೊತ್ತಿನಲ್ಲಿ ಹೆಣ್ಣು ನೋಡಿದ ಭಯ ಅವರ ಮನೆ ಹೊಕ್ಕಿತ್ತು. ದೊಡ್ಡಪ್ಪ ಕೂಗಾಡಲಿಲ್ಲ. ಅಮ್ಮನ ಜೊತೆ ಮಾತು ಬಿಟ್ಟರು. ಅವಳ ಎದುರಿಗೆ ಬಂದರೆ, ಅಲ್ಲಿ ಯಾರೂ ಇಲ್ಲ ಎನ್ನುವ ಹಾಗೆ ದಾಟಿ ಹೋಗುವರು. ಅಮ್ಮ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವ ಅಭ್ಯಾಸ ಮಾಡಿಕೊಂಡಳು. ಹಗಲಲ್ಲೂ.

ಪರೀಕ್ಷೆಯ ಹಿಂದಿನ ಸಂಜೆ ಮಹಡಿಯಿಂದ ದೊಡ್ಡಪ್ಪನ ದನಿ ಬಂತು. ಎಷ್ಟೋ ದಿನದ ಮೇಲೆ ನನ್ನನ್ನು ಕರೆದಿದ್ದರು. “ಬಾಮ್ಮ ಇಲ್ಲಿ. ಕಡೇ ಭಾಗ ಐತೆ. ಓದೇಳು.”

ನನ್ನ ಕೈಯಲ್ಲಿ ಪುಸ್ತಕವಿತ್ತು. ಅಮ್ಮ ಒಲೆಯ ಮುಂದೆ ನಿಂತಿದ್ದಳು, ತಿರುಗಿ ನೋಡಲಿಲ್ಲ. ನಾನು ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. ಮೇಲೆ ಬಾಗಿಲು ತೆರೆದಿತ್ತು, ಟಿವಿಯ ನೀಲಿ ಬೆಳಕು ಮೇಲಿನ ಮೆಟ್ಟಿಲುಗಳ ಮೇಲೆ ಅಲ್ಲಾಡುತ್ತಿತ್ತು. ಅವರು ಕಾಣಲಿಲ್ಲ. ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಅವರು ಕರೆದಾಗ ಯಾರೂ ಆಗುವುದಿಲ್ಲ ಎಂದಿರಲಿಲ್ಲ.

“ನಾಳೆ ಪರೀಕ್ಷೆ ಇದೆ, ದೊಡ್ಡಪ್ಪ.”

ಸ್ವಲ್ಪ ಹೊತ್ತಿಗೆ ಟಿವಿಯ ಸದ್ದು ಜೋರಾಯಿತು. ಆ ಗೊತ್ತಿಲ್ಲದ ಭಾಷೆ ನಮ್ಮ ತಲೆಯ ಮೇಲೆ ಊಟದ ಹೊತ್ತಿನವರೆಗೂ ನಡೆಯಿತು. ಯಾರೋ ಬೇಡಿಕೊಳ್ಳುತ್ತಿದ್ದರು, ಯಾರೋ ಅಳುತ್ತಿದ್ದರು. ದೊಡ್ಡಪ್ಪ ಒಂದಕ್ಷರ ಅರ್ಥವಾಗದೆ ಒಬ್ಬರೇ ಕೂತು ಕೇಳುತ್ತಿದ್ದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಮಾರನೇ ದಿನದ ಕಾಸ್ಟಿಂಗ್ ಪೇಪರಿನ ಲೆಕ್ಕ ಮಾಡಿದೆ.

ಪ್ರತಿ ಪರೀಕ್ಷೆಗೂ ಅಮ್ಮ ನನ್ನ ಜೊತೆ ಬಸ್ಸು ಹತ್ತಿದಳು. ನಾನು ಬರೆದು ಹೊರಗೆ ಬರುವವರೆಗೆ ಕಾಲೇಜಿನ ಗೇಟಿನ ಎದುರು ಎಳನೀರು ಗಾಡಿಯ ಪಕ್ಕ ಕೂತಿರುತ್ತಿದ್ದಳು. ನಿನಗೇನು ಭಯ ಎಂದರೆ, ಭಯ ಏನಿಲ್ಲ, ಮನೆಯಲ್ಲಿ ಕೂತು ಬೇಜಾರು ಎನ್ನುತ್ತಿದ್ದಳು. ನಾನು ಚೆನ್ನಾಗಿಯೇ ಬರೆದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಫಸ್ಟ್ ಕ್ಲಾಸ್ ಬಂತು.

ಆ ಕೊನೆಯ ಭಾಗವನ್ನು ನಾನು ಆಮೇಲೆ ಬಸ್ಸಿನಲ್ಲಿ ಫೋನಿನಲ್ಲಿ ನೋಡಿದೆ. ಕೆರೆಗೆ ಹೋದವರು ಏನಾದರು ಎಂದು ಇಲ್ಲಿ ಹೇಳುವುದಿಲ್ಲ, ನೋಡದವರು ಇರಬಹುದು. ಇಷ್ಟು ಹೇಳಬಹುದು: ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿತ್ತು.

ಪದವಿ ಪ್ರಮಾಣಪತ್ರ ಕೈಗೆ ಬರಲು ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಕಾಲೇಜಿನ ಆಫೀಸಿನಲ್ಲಿ ಸಹಿ ಹಾಕಿ ತಗೊಂಡು, ಮಧ್ಯಾಹ್ನದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ಮನೆಗೆ ಬಂದೆ. ಮಹಡಿಯ ಮೇಲೆ ದೊಡ್ಡಪ್ಪ ಯಾರ ಜೊತೆಗೋ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದರು. ನೇರ ಮೇಲೆ ಹತ್ತಿ ಹೋಗಿ ಅವರ ಕಣ್ಣ ಮುಂದೆ ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಮೊದಲು ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಕೈ ಒರೆಸಿಕೊಂಡು ತಗೊಂಡಳು. ಕನ್ನಡದಲ್ಲಿದ್ದ ಭಾಗವನ್ನು ತುಟಿ ಅಲ್ಲಾಡಿಸುತ್ತಾ ಓದಿದಳು. ನನ್ನ ಹೆಸರಿನ ಹತ್ತಿರ ನಿಂತಳು. ಅಪ್ಪನ ಹೆಸರಿನ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮೇಲಿನ ನಗುವಿನ ಕಡೆ ಒಮ್ಮೆ ಕಿವಿಗೊಟ್ಟು, ಅದನ್ನು ನನ್ನ ಕೈಗೇ ವಾಪಸ್ಸು ಇಟ್ಟಳು.

“ಈಗ್ಲೇ ಮೇಲಕ್ಕೆ ತೋರಿಸ್ಬೇಡ,” ಎಂದಳು. “ತೋರಿಸಿದ್ರೆ ಇದಕ್ಕೆ ತಕ್ಕ ಗಂಡನ್ನ ಹುಡ್ಕಕ್ಕೆ ಶುರು ಮಾಡ್ತಾರೆ. ಮೊದ್ಲು ಹೋಗಿ ಕೆಲ್ಸಕ್ಕೆ ಸೇರ್ಕೊ.”