ಮೊಹರು ಒತ್ತಿದ ಚೀಟಿಗಳು

ಆ ಸೋಮವಾರ ಕಮಲಾಪುರದ ಶಾಲೆಗೆ ಒಂದು ಮಗುವೂ ಬರಲಿಲ್ಲ. ಈ ಸಂಗತಿಯನ್ನು ಧಾರವಾಡದ ಗೆಳೆಯರಿಗೆ ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಹೇಳಿ ಹೇಳಿ ಅದು ಎಷ್ಟು ನುಣುಪಾಗಿದೆಯೆಂದರೆ ಈಗ ಅದನ್ನು ನಂಬಲು ನನಗೇ ಅಳುಕು. ಸುತ್ತಿಟ್ಟ ಚಾಪೆಗಳು ಹಾಗೆಯೇ ಗೋಡೆಗೆ ಒರಗಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯ ಕಟ್ಟೆಯ ಮೇಲೆ ಬಟ್ಟೆಯ ಚೂರಿನಲ್ಲಿ ಗಂಟು ಹಾಕಿದ ಒಂದು ಹಿಡಿ ಮಣ್ಣು ಇತ್ತೆಂಬುದೂ ನೆನಪಿದೆ. ಮಗುವೇ ಬರದಿದ್ದರೆ ಆ ಮಣ್ಣನ್ನು ತಂದವರು ಯಾರು? ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿದವನು ನಾನು. ಪರರ ಮಾತನ್ನು ಸಾಕ್ಷಿಯಿಲ್ಲದೆ ಒಪ್ಪಬಾರದೆಂದು ಅಲ್ಲಿ ಕಲಿತೆ. ಸ್ವಂತ ನೆನಪನ್ನೂ ಪರರ ಮಾತಿನ ಹಾಗೆಯೇ ನೋಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಆದ್ದರಿಂದ ನಮ್ಮ ಧಾರವಾಡದ ಓದುಗರು ಮುಂದಿನದನ್ನು ಅಲ್ಲಲ್ಲಿ ಅನುಮಾನಕ್ಕೆ ಜಾಗ ಬಿಟ್ಟು ಓದಬೇಕು.

ಒಂದು ಕಡೆ ನೆಲೆ ನಿಲ್ಲುವ ಸ್ವಭಾವ ನನ್ನದಲ್ಲ. ಧಾರವಾಡ ಬಿಟ್ಟು ಸೊಲ್ಲಾಪುರದಲ್ಲಿ ಒಂದು ವರ್ಷ ಕಾರಕೂನಿಕೆ ಮಾಡಿ, ಅದೂ ಬೇಸರವಾಗಿ ಮದ್ರಾಸ್ ಕಡೆಯ ರೈಲು ಹತ್ತಿ ಕಲಬುರ್ಗಿಯಲ್ಲಿ ಇಳಿದೆ. ಇಳಿದದ್ದು ಶುಕ್ರವಾರ. ಸರಕಾರಿ ದಫ್ತರಗಳೆಲ್ಲ ಬಾಗಿಲು ಹಾಕಿದ್ದವು. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದುಕೊಂಡೆ. ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ, ರಜೆಗೆ ಇಲ್ಲಿ ತಾತೀಲು ಎನ್ನುತ್ತಾರೆ ಎಂದು ಟಾಂಗಾದವನು ತಿಳಿಸಿದ. ಎರಡು ದಿನ ಕಳೆದು ರವಿವಾರ ಬಂದಾಗ ನಾನು ರೂಢಿಯಂತೆ ತಡವಾಗಿ ಎದ್ದು ಹೊರಗೆ ನೋಡಿದರೆ ಇಡೀ ಊರು ದುಡಿಮೆಗೆ ಹೊರಟಿತ್ತು. ನನ್ನ ಮೈ ಒಂದು ಸರಕಾರದ ವಾರವನ್ನೂ ಕಾಲು ಇನ್ನೊಂದು ಸರಕಾರದ ವಾರವನ್ನೂ ಪಾಲಿಸುತ್ತಿದ್ದಂತೆ ಅನಿಸಿತು.

ಇಲ್ಲಿಯದು ವಿಚಿತ್ರವಾದ ಪರದೇಶ. ಬಾಗಿಲಲ್ಲಿ ಕೂತ ಮುದುಕಿ ಬಯ್ಯುವುದು ಕನ್ನಡದಲ್ಲಿ, ದಫ್ತರದ ಗೋಡೆಯ ಮೇಲೆ ಬರೆದಿರುವುದು ಉರ್ದುವಿನಲ್ಲಿ. ಅಂಗಡಿಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಹುಟ್ಟಿ ಉರ್ದುವಿನಲ್ಲಿ ಮುಗಿಯುತ್ತದೆ. ಧಾರವಾಡದಲ್ಲಿ ನಾನು ಓದಿದವನು. ಇಲ್ಲಿ ಅಂಚೆಯ ಮನೆಯ ಹಲಗೆ ಓದಿಸಿಕೊಳ್ಳಲು ಇನ್ನೊಬ್ಬರ ಮುಖ ನೋಡಬೇಕು. ರೊಟ್ಟಿ ಮಾತ್ರ ಎರಡೂ ಕಡೆ ಜೋಳದ್ದು. ಮೊದಲ ವಾರ ಆ ಒಂದು ಸಾಮ್ಯವನ್ನೇ ಹಿಡಿದುಕೊಂಡು ದಿನ ನೂಕಿದೆ. ಸಂಜೆಯಾದರೆ ಸ್ಟೇಷನ್ನಿಗೆ ಹೋಗಿ ಸೊಲ್ಲಾಪುರದ ಕಡೆಗೆ ಹೋಗುವ ಗಾಡಿಯನ್ನು ನೋಡಿ ಬರುತ್ತಿದ್ದೆ. ಹತ್ತಲು ಅಲ್ಲ, ಅದು ಇನ್ನೂ ಓಡುತ್ತಿದೆಯೆಂದು ಖಾತ್ರಿ ಮಾಡಿಕೊಳ್ಳಲು.

ನನಗೆ ಆಸರೆ ಕೊಟ್ಟವರು ಗಂಜಿನ, ಅಂದರೆ ಸಗಟು ಪೇಟೆಯ, ಕಾಳಿನ ವ್ಯಾಪಾರಿ ಶರಣಪ್ಪನವರು. ಕೆಳಗೆ ಅವರ ತೊಗರಿಯ ಚೀಲಗಳು, ಅಟ್ಟದ ಮೇಲೆ ನಾನು. ಅವರ ಹುಟ್ಟೂರು ಕಮಲಾಪುರ. ಅಲ್ಲಿನ ತಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಕನ್ನಡ ಶಾಲೆ ನಡೆಸಬೇಕೆಂಬುದು ಅವರ ಹಟ. ಖಾಸಗಿ ಶಾಲೆಗೆ ಸರಕಾರದ ಇಜಾಜತ್, ಅಂದರೆ ಅನುಮತಿ, ಬೇಕು. ಓಡಾಡಿ ಒಂದು ವರ್ಷದ ಮಟ್ಟಿಗೆ ಪಡೆದಿದ್ದರು. ಮಾಸ್ತರನಾಗಿ ನನ್ನನ್ನು ಅಲ್ಲಿಗೆ ಕಳಿಸಿದರು. ವರ್ಷದ ಕೊನೆಗೆ ತನಿಖೆಯ ಸಾಹೇಬರು ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಮಕ್ಕಳು ಇದ್ದರೆ, ಉತ್ತರ ಹೇಳಿದರೆ ಶಾಲೆ ಉಳಿಯುತ್ತದೆ. ಇಲ್ಲವಾದರೆ ಬೀಗ.

ಕಲಬುರ್ಗಿಯಿಂದ ಕಮಲಾಪುರಕ್ಕೆ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ. ಊರ ಸುತ್ತ ಬಾಳೆಯ ತೋಟಗಳು. ಅಲ್ಲಿಯ ಬಾಳೆಹಣ್ಣಿನ ಸಿಪ್ಪೆ ಕೆಂಪು. ಮೊದಲ ಸಲ ನೋಡಿ ಕೊಳೆತಿದೆಯೆಂದು ತಿಳಿದು ಪಕ್ಕಕ್ಕಿಟ್ಟೆ. ಆ ಕಥೆ ಊರಲ್ಲಿ ಹಬ್ಬಿ ಒಂದು ತಿಂಗಳು ನನ್ನನ್ನು ಕಂಡವರೆಲ್ಲ ನಕ್ಕರು. ಶಾಲೆಯಲ್ಲಿ ಇಪ್ಪತ್ತನಾಲ್ಕು ಮಕ್ಕಳು. ಇಪ್ಪತ್ತಮೂರು ಒಳಗೆ, ಒಂದು ಹೊರಗೆ. ಊರಾಚೆಯ ಕೇರಿಯ ನಾಗಮ್ಮನ ಮಗಳು ಚಂದಮ್ಮ ಜಗಲಿಯ ಮೇಲೆ ಕೂತು ಕಿಟಕಿಯಿಂದ ಪಾಠ ಕೇಳಬೇಕೆಂಬುದು ಶರಣಪ್ಪನವರ ಮನೆಯ ಹಿರಿಯರ ಕರಾರು. ನಾನು ಒಪ್ಪಿದ್ದೆ. ಒಪ್ಪುವಾಗ ಹೆಚ್ಚು ಯೋಚಿಸಿದ ನೆನಪಿಲ್ಲ. ದೇವರ ವಿಷಯದಲ್ಲಿ ಗಂಟೆಗಟ್ಟಲೆ ಅನುಮಾನ ಪಡುವವನಿಗೆ ಜಗಲಿಯ ವಿಷಯದಲ್ಲಿ ಒಂದು ಅನುಮಾನವೂ ಹುಟ್ಟಲಿಲ್ಲ.

ಬರೀ ಮಗ್ಗಿ ಕೂಗಿಸುವುದು ನನಗೆ ಸೇರದು. ಮಕ್ಕಳು ಕೈಯಿಂದ ಮಾಡಿ ಕಲಿಯಬೇಕು, ಏನು ಮಾಡುತ್ತಿದ್ದಾರೆಂಬುದು ತಂದೆತಾಯಿಗಳಿಗೆ ಗೊತ್ತಿರಬೇಕು, ಪರೀಕ್ಷೆಯ ದಿನವನ್ನು ಅವರಿಗೆ ಮೊದಲೇ ತಿಳಿಸಬೇಕು ಎಂದು ಪುಣೆಯಲ್ಲಿ ಓದಿದ್ದೆ. ಸಾಹೇಬರು ಬರಲು ಇನ್ನು ಹದಿನೈದು ದಿನವಿದ್ದಾಗ ಒಂದು ಸಣ್ಣ ಪರೀಕ್ಷೆಯಿಟ್ಟು ಮಕ್ಕಳನ್ನು ತಯಾರು ಮಾಡೋಣವೆಂದುಕೊಂಡೆ. ಜೊತೆಗೆ ಒಂದು ಕೈಕೆಲಸ: ಊರಿನ ಬೇರೆ ಬೇರೆ ಹೊಲಗಳ ಮಣ್ಣನ್ನು ಸಾಲಾಗಿಟ್ಟು, ಯಾವ ಮಣ್ಣಿನಲ್ಲಿ ಎಷ್ಟು ಬಾಳೆ ಬೆಳೆದಿದೆಯೆಂದು ಮಕ್ಕಳೇ ಎಣಿಸಿ ಬರೆಯುವುದು. ಒಂದು ಮಧ್ಯಾಹ್ನದಲ್ಲಿ ಮನೆಗೊಂದರಂತೆ ಚೀಟಿಗಳನ್ನು ಬರೆದು ಮುಗಿಸಿದೆ. ಅವುಗಳ ಮಾತುಗಳು ಹೆಚ್ಚುಕಡಿಮೆ ಹೀಗಿದ್ದವು: ಬರುವ ಸೋಮವಾರ ಪರೀಕ್ಷೆ ಇರುವುದರಿಂದ ತಪ್ಪದೆ ಹಾಜರಾಗತಕ್ಕದ್ದು. ಬರುವಾಗ ನಿಮ್ಮ ಹೊಲದ ಮಣ್ಣು ಒಂದು ಹಿಡಿ ಹಾಗೂ ನಿಮ್ಮ ಬಾಳೆ ಗಿಡಗಳ ಲೆಕ್ಕ ತರತಕ್ಕದ್ದು. ಕೆಳಗೆ ಕಲಬುರ್ಗಿಯಲ್ಲಿ ಮಾಡಿಸಿದ ಶಾಲೆಯ ದುಂಡು ಮೊಹರು ಒತ್ತಿದೆ. ನನಗೆ ಆ ಮೊಹರಿನ ಮೇಲೆ ಬಹಳ ಅಭಿಮಾನವಿತ್ತು.

ಸೋಮವಾರ ಚಾಪೆಗಳು ಗೋಡೆಗೆ ಒರಗಿಯೇ ಇದ್ದವು. ಎಷ್ಟು ಹೊತ್ತು ಕಾದೆನೋ ತಿಳಿಯದು. ಆಮೇಲೆ ಮೆಟ್ಟಿಲ ಕೆಳಗೆ ನಾಗಮ್ಮ ನಿಂತಿರುವುದು ಕಂಡಿತು. ತೋಟಗಳಲ್ಲಿ ಕೂಲಿ ಮಾಡುವ ಹೆಂಗಸು, ಆ ಹೊತ್ತಿಗೆ ಅಲ್ಲಿಗೆ ಯಾಕೆ ಬಂದಿದ್ದಳೆಂದು ನಾನು ಕೇಳಲಿಲ್ಲ. ಕೇಳಿದ್ದು ಮಕ್ಕಳ ವಿಚಾರ.

“ಬರಂಗಿಲ್ರಿ ಮಾಸ್ತರ,” ಅಂದಳು. “ಊರೆಲ್ಲ ಅಂಜಿ ಕುಂತದ.”

“ಪರೀಕ್ಷಾಕ್ಕ ಇಷ್ಟ್ಯಾಕ ಅಂಜಬೇಕವ್ವಾ?”

“ಪರೀಕ್ಷಾಕ್ಕಲ್ರಿ. ಹೊಲದ ಮಣ್ಣ ಕೇಳೀರಿ, ಗಿಡದ ಲೆಕ್ಕ ಕೇಳೀರಿ, ಮ್ಯಾಲ ಮೊಹರ ಒತ್ತೀರಿ. ಗಿಡಕ್ಕಿಷ್ಟು ಅಂತ ಹೊಸಾ ಪಟ್ಟಿ ಬೀಳತದಂತ ಮಂದಿ ಹುಡುಗರ್ನೆಲ್ಲ ಬೀಗರ ಊರಿಗಿ ಕಳಿಸ್ಯಾರ.”

ಪಟ್ಟಿ ಎಂದರೆ ಸರಕಾರದ ವಸೂಲಿ. ಆಗ ನನಗೆ ನನ್ನ ಚೀಟಿ ಅವರ ಕಣ್ಣಿನಲ್ಲಿ ಹೇಗೆ ಕಂಡಿರಬೇಕೆಂದು ಹೊಳೆಯಿತು. ಆ ಊರಿಗೆ ಮೊಹರಿನ ಕಾಗದ ಬರುತ್ತಿದ್ದದ್ದು ಏನಾದರೂ ಕೊಡಿ ಎನ್ನಲು, ಇಲ್ಲವೆ ಬಂದು ನಿಲ್ಲಿ ಎನ್ನಲು. ನಾನು ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲೇ ಕಳಿಸಿದ್ದೆ.

ನೀನೊಬ್ಬಳು ಅಂಜಲಿಲ್ಲವೇ ಎಂದು ಕೇಳಿದೆ.

“ನಾ ಯಾಕ ಅಂಜಲ್ರಿ? ನನ್ನ ಬಲ್ಲಿ ಗಿಡ ಎಲ್ಲ್ಯಾವ ಎಣಸ್ಲಾಕ?”

ಹೇಳಿ ನಕ್ಕಳು. ನಕ್ಕಳೆಂದೇ ನನ್ನ ನೆನಪು. ನಾನು ಮಾತ್ರ ನಗಲಿಲ್ಲ. ಬೀಗರ ಊರಿಗೆ ಹೋದ ಮಕ್ಕಳು ಹದಿನೈದು ದಿನದೊಳಗೆ ಬರದಿದ್ದರೆ ಸಾಹೇಬರ ಮುಂದೆ ಖಾಲಿ ಚಾಪೆ ಹಾಸಬೇಕು. ಇನ್ನೊಂದು ಚೀಟಿ ಬರೆದು ವಿವರಿಸುತ್ತೇನೆ ಎಂದೆ. ಆಕೆ ನನ್ನನ್ನು ದಡ್ಡ ಮಗುವನ್ನು ನೋಡುವ ಹಾಗೆ ನೋಡಿದಳು.

“ಮತ್ತ ಕಾಗದ ಯಾಕ್ರಿ? ಕಾಗದಕ್ಕೇ ಅಂಜ್ಯಾರ. ನೀವೇ ಹೋಗ್ರಿ, ಮನಿ ಮನಿಗಿ ಹೋಗಿ ಕುಂತು ಹೇಳ್ರಿ.” ಸ್ವಲ್ಪ ತಡೆದು, “ನಮ್ಮ ಕೇರಿಗೂ ಬರ್ರಿ,” ಎಂದು ಸೇರಿಸಿದಳು.

ಮೊದಲು ಹೋದದ್ದು ರಾಣಪ್ಪನ ತೋಟಕ್ಕೆ. ಆತನ ಇಬ್ಬರು ಮೊಮ್ಮಕ್ಕಳು ಶಾಲೆಯಲ್ಲಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಕೈಮುಗಿದ. ಆತ ಕೈಮುಗಿದದ್ದು ನನಗಲ್ಲ, ಮೊಹರಿಗೆ. ನಾನು ಅವನ ಬದುವಿನ ಮೇಲೆ ಕೂತು, ವಸೂಲಿ ಇಲ್ಲ, ಪಟ್ಟಿ ಇಲ್ಲ, ಕೂಸುಗಳು ಎಣಿಸುವುದು ಕಲಿಯಲಿ ಎಂದು ಕೇಳಿದ್ದು ಎಂದು ಬಿಡಿಸಿ ಹೇಳಿದೆ. ಆತ ತೋಟದ ಮೂಲೆಯ ಕಡೆ ಕೈ ತೋರಿಸಿದ.

“ನಾಕು ಗಿಡ ಕಡದು ಹಾಕೀನ್ರಿ ಮಾಸ್ತರ, ಲೆಕ್ಕ ಕಮ್ಮಿ ಆಗ್ಲಂತ. ಈಗ ಬಂದು ಹೇಳ್ಲಾಕತ್ತೀರಿ.”

ಕಡಿದ ಗಿಡಗಳು ಅಲ್ಲೇ ಬಿದ್ದಿದ್ದವು. ಒಂದರಲ್ಲಿ ಎಳೆಯ ಗೊನೆ ಇತ್ತು. ಆತ ಮುಂದುವರಿಸಿದ: “ಇರ್ಲಿ. ಅಲ್ರೀ, ನಿಮ್ಮ ಧಾರವಾಡದಾಗ ಸಾಲಿ ಹುಡುಗರಿಗಿ ಮಣ್ಣ ತಿನಸ್ತಾರೇನು?”

ಅಂದು ಅವನಿಂದ ಬೈಸಿಕೊಂಡಿದ್ದರೆ ನಾನು ಬಹುಶಃ ಗಾಡಿ ಹೂಡಿಸಿ ಊರು ಬಿಡುತ್ತಿದ್ದೆ. ಆತ ಬಯ್ಯಲಿಲ್ಲ. ಮೊಮ್ಮಕ್ಕಳನ್ನು ಕರೆಸಿಕೊಂಡ. ಅಷ್ಟೇ ಅಲ್ಲ, ಮುಂದಿನ ವಾರ ಮೂರು ಬಗೆಯ ಮಣ್ಣನ್ನು ತಾನೇ ಹೊತ್ತು ತಂದು, ಯಾವುದು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ಮಕ್ಕಳಿಗೆ ತೋರಿಸಿದ. ನನಗಿಂತ ಚೆನ್ನಾಗಿ ಹೇಳಿದ. ನಾನು ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಕೇಳಿದೆ.

ಹೀಗೆ ಮನೆ ಮನೆ. ಎಲ್ಲ ಕಡೆಯೂ ಮೊದಲು ಕೆಂಪು ಬಾಳೆಹಣ್ಣಿನ ಕಥೆ ತೆಗೆದು ನಗುವುದು, ಆಮೇಲೆ ಶಾಲೆಯ ಮಾತು. ಮುಂದಿನ ಸೋಮವಾರದ ಪರೀಕ್ಷೆಯಲ್ಲಿ ಏನು ಕೇಳುತ್ತೀರಿ ಎಂದು ಅಜ್ಜಿಯರು ವಿಚಾರಿಸತೊಡಗಿದರು. ಹದಿಮೂರರ ಮಗ್ಗಿ ಎಂದು ಹೇಳಿದರೆ ಆ ಮಾತು ತೋಟದಿಂದ ತೋಟಕ್ಕೆ ನಾನು ನಡೆಯುವುದಕ್ಕಿಂತ ಬೇಗ ಹೋಗುತ್ತಿತ್ತು. ಅದನ್ನು ಒಯ್ಯುತ್ತಿದ್ದವಳು ನಾಗಮ್ಮ. ಕಳೆ ತೆಗೆಯಲು ಆಕೆ ಕಾಲಿಡದ ತೋಟವಿರಲಿಲ್ಲ. ಅಕ್ಷರ ಬಾರದ ಆಕೆಗೆ ಯಾವ ವಾರ ಯಾವ ಪಾಠ, ಯಾವ ದಿನ ಪರೀಕ್ಷೆ ಎಂಬುದು ಬಾಯಿಪಾಠವಾಗಿತ್ತು.

ಕೇರಿಗೆ ಹೋದದ್ದು ಕೊನೆಗೆ. ಮೊದಲಿಗೇ ಹೋದೆನೆಂದು ಬರೆದುಕೊಳ್ಳಲು ಆಸೆಯಿದೆ, ಆದರೆ ಅದು ಸುಳ್ಳು. ನಾಗಮ್ಮನ ಬಾಗಿಲಲ್ಲಿ ಕೂತು ನೀರು ಕೇಳಿ ಕುಡಿದೆ. ಆಕೆ ಕೊಡುವ ಮೊದಲು ನನ್ನ ಮುಖವನ್ನು ಒಂದು ಸಲ ನೋಡಿದಳು. ಮಗಳು ಸಾಹೇಬರ ಪರೀಕ್ಷೆಯ ದಿನವೂ ಹೊರಗೇ ಕೂಡಬೇಕೇನು ಎಂದು ಕೇಳಿದಳು. ಕಲಬುರ್ಗಿಗೆ ಹೋಗಿ ಶರಣಪ್ಪನವರನ್ನು ಕೇಳಿದೆ. ಅವರು ತೊಗರಿಯನ್ನು ಅಂಗೈಯಲ್ಲಿ ಹೊರಳಿಸುತ್ತ, “ಸಾಹೇಬ್ರು ಬರೋ ದಿನ ಎಲ್ಲಾರೂ ಒಳಗೇ ಕೂಡ್ಲಿ. ಮರುದಿನದ್ದು ಮರುದಿನ ನೋಡಣ್ರಿ,” ಎಂದರು.

ಸಾಹೇಬರು ಬಂದ ದಿನ ಚಾಪೆ ಸಾಲಲಿಲ್ಲ. ಇಪ್ಪತ್ತನಾಲ್ಕು ಮಕ್ಕಳು ಒಳಗೆ, ಅವರ ತಂದೆತಾಯಿಗಳು ಅಂಗಳದಲ್ಲಿ. ಸಾಹೇಬರು ಒಳ್ಳೆಯವರು. ಉರ್ದುವಿನಲ್ಲಿ ಕೇಳಿದರು, ಜೊತೆಗೆ ಬಂದಿದ್ದ ಗುಮಾಸ್ತರು ಕನ್ನಡಕ್ಕೆ ತಿರುಗಿಸಿದರು. ಹದಿಮೂರರ ಮಗ್ಗಿಯಲ್ಲಿ ಒಬ್ಬ ಹುಡುಗ ತಡವರಿಸಿದಾಗ ಅಂಗಳದಿಂದ ಅವನ ಅಜ್ಜಿ ಉತ್ತರ ಹೇಳಿಬಿಟ್ಟಳು. ಸಾಹೇಬರು ನಕ್ಕು, ಮುದುಕಿಯನ್ನೂ ಪಾಸು ಮಾಡಿ ಎಂದರು. ಇಜಾಜತ್ ಇನ್ನೊಂದು ವರ್ಷ ಮುಂದುವರಿಯಿತು. ಮರುದಿನ ಚಂದಮ್ಮ ಜಗಲಿಯ ಹತ್ತಿರ ಬಂದು ನಿಂತಳು. ರಾಣಪ್ಪನ ಮೊಮ್ಮಗಳು ಒಳಗಿನಿಂದ, ನಿನ್ನೆ ಕೂತಲ್ಲೇ ಕೂಡು ಬಾ ಎಂದು ಕರೆದಳು. ಅವಳು ಒಳಗೆ ಬಂದು ಕೂತಳು. ಯಾರೂ ತಡೆಯಲಿಲ್ಲ.

ಕಮಲಾಪುರದಲ್ಲಿ ನಾನು ಆರು ವರ್ಷ ಇದ್ದೆ. ಎಲ್ಲಿಯೂ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲದವನನ್ನು ಆ ಊರು ಏನು ಮಾಡಿ ನಿಲ್ಲಿಸಿತೆಂದು ಈಗಲೂ ಬಿಡಿಸಿ ಹೇಳಲಾರೆ. ಉಂಡ ರೊಟ್ಟಿ, ಬಯ್ಯದೆ ಬಿಟ್ಟ ಬೈಗುಳ, ಎರಡಕ್ಕೂ ನಾನು ಋಣಿ. ಈಗ ಕಲಬುರ್ಗಿಯಲ್ಲಿ ಪಾಠ ಹೇಳುತ್ತೇನೆ. ಇಲ್ಲಿ ಎಲ್ಲರೂ ನನ್ನನ್ನು ಧಾರವಾಡದ ಮಾಸ್ತರ ಎನ್ನುತ್ತಾರೆ. ಧಾರವಾಡಕ್ಕೆ ಹೋದರೆ ತಮ್ಮಂದಿರು ನಿಜಾಮನ ಮನುಷ್ಯ ಬಂದ ಎಂದು ಛೇಡಿಸುತ್ತಾರೆ. ಅಲ್ಲಿ ಶುಕ್ರವಾರ ಬಂತೆಂದರೆ ಮೈ ತಾನಾಗಿ ರಜೆ ಬೇಡುತ್ತದೆ. ಇಲ್ಲಿ ರವಿವಾರ ಬೆಳಗ್ಗೆ ಇಂದಿಗೂ ಒಂದು ಗಳಿಗೆ ತಡವಾಗಿ ಏಳುತ್ತೇನೆ.

ಹೋದ ತಿಂಗಳು ಶರಣಪ್ಪನವರ ಅಟ್ಟವನ್ನು ಸ್ವಚ್ಛ ಮಾಡುವಾಗ ಕಮಲಾಪುರದ ಹಳೆಯ ಹಾಜರಿ ಪಟ್ಟಿ ಸಿಕ್ಕಿತು. ನೆನಪಿಗೊಂದು ಸಾಕ್ಷಿ ಸಿಕ್ಕಿತೆಂದು ಆ ಸೋಮವಾರವನ್ನು ಹುಡುಕಿ ತೆಗೆದೆ. ಗೈರಿಗೆ ‘ಗೈ’ ಎಂದೂ ಹಾಜರಿಗೆ ‘ಹಾ’ ಎಂದೂ ಬರೆಯುವುದು ನನ್ನ ರೂಢಿ. ಮೇಲಿನಿಂದ ಕೆಳಗೆ ಬೆರಳಿಟ್ಟು ಎರಡು ಸಲ ಎಣಿಸಿದೆ. ಇಪ್ಪತ್ತಮೂರು ‘ಗೈ’. ಎಲ್ಲರಿಗಿಂತ ಕೆಳಗೆ, ಚಂದಮ್ಮನ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ, ‘ಹಾ’.