ಹನ್ನೊಂದು ಮಹಡಿಯ ಉಸಿರು

ಲಿಫ್ಟ್ ಕೆಟ್ಟರೆ ಜನ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಮೆಕ್ಯಾನಿಕ್ ಮಾತ್ರ ಮೆಟ್ಟಿಲು ಹತ್ತಿಯೇ ಹೋಗಬೇಕು, ಮೋಟಾರು ಇರುವುದು ತಾರಸಿಯ ಮೇಲೆ. ಉಬ್ಬಸ ಇಟ್ಟುಕೊಂಡು ಈ ಕೆಲಸ ಆರಿಸಿಕೊಂಡವನ ಬುದ್ಧಿಗೆ ಏನನ್ನಬೇಕೆಂದು ಇಪ್ಪತ್ತಾರು ವರ್ಷದ ನಮ್ಮ ಮೆಕ್ಯಾನಿಕ್‌ಗೂ ಹೊಳೆದಿರಲಿಲ್ಲ. ನಾಲ್ಕನೇ ಮಹಡಿಗೇ ಎದೆ ಕುಯ್‌ಗುಟ್ಟುತ್ತಿತ್ತು. ಜೊತೆಯವರು ‘ಸೀಟಿ’ ಎಂದು ಹೆಸರಿಟ್ಟಿದ್ದರು. ಐದರಲ್ಲಿ ಅವನು ಗೋಡೆಯ ಫ್ಯೂಸ್ ಪೆಟ್ಟಿಗೆಯನ್ನು ಭಾರಿ ಗಂಭೀರವಾಗಿ ಪರೀಕ್ಷಿಸುತ್ತ ನಿಲ್ಲುತ್ತಿದ್ದ. ಅದರಲ್ಲಿ ನೋಡುವಂಥದ್ದೇನೂ ಇರುತ್ತಿರಲಿಲ್ಲ.

ಕೊನೆಗೆ ಸೂಪರ್‌ವೈಸರ್ ಕರೆದು ಹೇಳಿದರು: “ನೋಡಪ್ಪಾ, ಎರಡು ತಿಂಗಳು ಕೊಡ್ತೀನಿ. ಹನ್ನೊಂದು ಮಹಡಿ ನಿಲ್ದೆ ಹತ್ತಿ ತೋರಿಸು. ಇಲ್ಲಾಂದ್ರೆ ಆಫೀಸಲ್ಲಿ ಕೂತು ಫೋನ್ ಎತ್ತು.”

ಫೋನ್ ಎತ್ತುವುದೆಂದರೆ ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಂದ ದಿನವಿಡೀ ಉಗಿಸಿಕೊಳ್ಳುವುದು. ಸ್ಪ್ಯಾನರ್ ಹಿಡಿದ ಕೈಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಅವನ ಅಕ್ಕನಿಗೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ. ಸಂಜೆ ಅವನ ಚೀಲದಿಂದ ಡಾಕ್ಟರು ಕೊಟ್ಟ ಇನ್‌ಹೇಲರ್ ತೆಗೆದು, ಇನ್ನೆಷ್ಟು ಸಲಕ್ಕೆ ಮದ್ದು ಉಳಿದಿದೆ ಎಂದು ತೋರಿಸುವ ಬೆನ್ನಿನ ಅಂಕಿ ನೋಡಿದಳು.

“ಲೋ, ನಾಲ್ಕು ತಿಂಗಳಾಯ್ತಲ್ಲೋ ತಂದು! ಅರ್ಧನೂ ಖಾಲಿಯಾಗಿಲ್ಲ?”

“ಉಸಿರು ಕಟ್ಟಿದಾಗ ಎಳ್ಕೋತೀನಿ ಅಕ್ಕಾ. ತಕ್ಷಣ ಏನೂ ಆಗಲ್ಲ. ಡಬ್ಬಾ ಮಾಲು.”

“ಡಬ್ಬಾ ನಿನ್ನ ತಲೆ! ತಕ್ಷಣಕ್ಕೆ ಡಾಕ್ಟರು ಕೊಟ್ಟ ಆ ನೀಲಿ ಪಂಪು ಬೇರೆ ಇದೆ. ಇದು ನಿಧಾನಕ್ಕೆ ಉಸಿರಿನ ನಾಳ ತೆರೆದು ಹನ್ನೆರಡು ಗಂಟೆ ಹಾಗೇ ಇಡೋದು. ಊತ ಇಳಿಸೋ ಮದ್ದೂ ಇದರಲ್ಲೇ ಸೇರಿದೆ. ಚೆನ್ನಾಗಿದ್ದ ದಿನವೂ ಬೆಳಿಗ್ಗೆ, ಸಂಜೆ ಬಿಡದೆ ತಗೋಬೇಕು. ತಿಂಗಳಿಗೊಮ್ಮೆ ಸರ್ವಿಸ್ ಮಾಡಿಸಲ್ಲ, ಕೆಟ್ಟ ಮೇಲೆ ಬೊಬ್ಬೆ ಹೊಡೀತಾರೆ ಅಂತ ಬಿಲ್ಡಿಂಗಿನವರಿಗೆ ಬೈತೀಯಲ್ಲ, ನಿನ್ನ ಕಥೆ ಏನು?”

ಬೈಗುಳ ಅಕ್ಷರಶಃ ಅವನದೇ.

ಮರುದಿನದಿಂದ ಎರಡು ಹೊತ್ತೂ ಎಳೆದ, ಹತ್ತು ಎಣಿಸಿ ಉಸಿರು ಬಿಟ್ಟ, ಬಾಯಿ ಮುಕ್ಕಳಿಸಿದ. ಮೊದಲ ವಾರ ಅಂಥ ಪವಾಡವೇನೂ ನಡೆಯಲಿಲ್ಲ. ಮೂರನೇ ವಾರದಲ್ಲೊಂದು ದಿನ, ಐದು ದಾಟಿದ್ದು ಆರಕ್ಕೆ ಬಂದ ಮೇಲೆ ಗೊತ್ತಾಯಿತು. ಎದೆ ತೆಪ್ಪಗಿತ್ತು. ಯಾರ ಎದೆಯೋ ಎಂದು ಅವನಿಗೇ ಅನುಮಾನ.

ಗಡುವಿನ ದಿನ, ಲಿಫ್ಟ್ ಕೆಟ್ಟಿದ್ದ ಹನ್ನೊಂದು ಮಹಡಿಯ ಕಟ್ಟಡವೊಂದರಲ್ಲಿ ಸೂಪರ್‌ವೈಸರ್ ಖುದ್ದಾಗಿ ಹಿಂದೆಯೇ ಹತ್ತಿದರು, ಇವನು ಕಳ್ಳಾಟವಾಡಬಾರದಲ್ಲ. ಏಳು, ಎಂಟು, ಹತ್ತು... ಹನ್ನೊಂದು! ಸೀಟಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ.

“ಸರ್, ಎಲ್ಲಿದ್ದೀರಿ?”

“ಏಳರಲ್ಲಿ... ತಡಿಯೋ ಮಹಾರಾಯ...”

ಸೀಟಿ ತಡೆಯಲಿಲ್ಲ. ತಾರಸಿಗೆ ಹಾರಿ, ಸವೆದ ಬ್ರೇಕ್ ಪಟ್ಟಿ ಬದಲಿಸಿ, ಎರಡು ಸಲ ಓಡಿಸಿ ನೋಡಿ, ಲಿಫ್ಟನ್ನು ಏಳಕ್ಕೆ ಕಳಿಸಿದ. ಮೆಟ್ಟಿಲ ಮೇಲೆ ಕೂತಿದ್ದ ಸೂಪರ್‌ವೈಸರ್ ಅದರಲ್ಲಿ ಮೇಲೆ ಬಂದು, ಬೆವರೊರೆಸಿಕೊಂಡರು.

“ಫೋನ್ ಎತ್ತೋಕೆ ಬೇರೆ ಯಾರನ್ನಾದ್ರೂ ನೋಡ್ತೀನಪ್ಪಾ. ನೀನು ನಾಳೆಯಿಂದ ಹದಿನಾಲ್ಕು ಮಹಡಿ ಕಟ್ಟಡಕ್ಕೆ ಹೋಗು.”